ಊರಿನ ವಕೀಲನೂ ಕಕ್ಷಿಗಾರನೂ: ವಕಾಲತ್ತಿನ ಇತಿಹಾಸದ ಕೆಲವು ಮುಖಗಳು

ನಮ್ಮ ದೇಶದ ನ್ಯಾಯಾಸ್ಥಾನಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಸಂಹಿತೆಗಳ, ತೀರ್ಪುಗಳ, ನ್ಯಾಯಾಧೀಶರ ಚರಿತ್ರೆಯನ್ನೇ ಬರೆದಿದ್ದಾರೆ. ವಕೀಲವೃತ್ತಿಯ ಚರಿತ್ರೆಯೂ ತಕ್ಕಮಟ್ಟಿಗೆ ದೊರೆಯುತ್ತದೆ. ಆದರೆ ಅದು ಹೆಸರಾಂತ ವಕೀಲರ ಚರಿತ್ರೆ. ಕೈಯಲ್ಲಿ ಸಮನ್ಸು ಹಿಡಿದು, ತಾಲ್ಲೂಕು ಕಚೇರಿಯ ಹೆಬ್ಬಾಗಿಲಲ್ಲಿ ನಿಂತು, ಯಾರನ್ನು ಹಿಡಿಯಲಿ, ಎಷ್ಟು ಕೊಡಲಿ, ಕೊಟ್ಟರೂ ನನ್ನ ಮಾತನ್ನು ಆತ ಆಡುವನೇ ಎಂದು ಚಿಂತಿಸುವ ಕಕ್ಷಿಗಾರನ ಕಡೆಯಿಂದ ಈ ವಿಷಯವನ್ನು ನೋಡಿದವರು ವಿರಳ. ಪ್ರಸ್ತುತ ಲೇಖನದಲ್ಲಿ ಆ ಕಡೆಯಿಂದ ನೋಡುವ ಒಂದು ಸಣ್ಣ ಪ್ರಯತ್ನವನ್ನು ಮಾಡಿದ್ದೇವೆ. ಸಾಮಾನ್ಯ ಮನುಷ್ಯನು ವಕೀಲನ ಬಾಗಿಲಿಗೆ ಹೋಗುವುದು ಬಹುಶಃ ಮೂರು ಸಂದರ್ಭಗಳಲ್ಲಿ: ಅಪರಾಧದ ಆರೋಪ ಬಂದಾಗ, ವಾಹನದ ದೆಸೆಯಿಂದ ತೊಂದರೆಗೆ ಸಿಕ್ಕಿದಾಗ, ಸಂಸಾರ ಒಡೆದಾಗ. ಭೂಮಿಕಾಣಿಯ ವ್ಯಾಜ್ಯಗಳನ್ನು ಇಲ್ಲಿ ಬೇಕೆಂದೇ ಬದಿಗಿಟ್ಟಿದ್ದೇವೆ. ಅವುಗಳ ಮೇಲೆ ಬರವಣಿಗೆ ಸಾಕಷ್ಟಿದೆ.

ಮೊದಲು ಶಬ್ದದ ವಿಚಾರ. ‘ವಕೀಲ’ ಎಂಬುದು ಅರಬ್ಬೀ ಮೂಲದ ಪದ. ಪಾರಸಿಯ ಮೂಲಕ ಕನ್ನಡಕ್ಕೆ ಬಂದದ್ದು. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಈ ಪದಕ್ಕೆ ನ್ಯಾಯಾಸ್ಥಾನದೊಡನೆ ಸಂಬಂಧವಿರಲಿಲ್ಲ. ಒಬ್ಬ ದೊರೆಯ ಪರವಾಗಿ ಇನ್ನೊಬ್ಬ ದೊರೆಯ ಬಳಿ ಮಾತನಾಡುವ ನಿಯೋಗಿಯೇ ವಕೀಲ. ಹೈದರಲಿಯ ಪರವಾಗಿ ಮರಾಠರ ಬಳಿಗೆ ಹೋಗಿಬರುತ್ತಿದ್ದ ಅಪ್ಪಾಜಿರಾಮನು ಆತನ ವಕೀಲ. 1792ರಲ್ಲಿ ಶ್ರೀರಂಗಪಟ್ಟಣದ ಸಂಧಾನಕ್ಕೆ ಟೀಪೂ ಸುಲ್ತಾನನ ಕಡೆಯಿಂದ ಆಂಗ್ಲರ ಡೇರೆಗೆ ಹೋದ ಗುಲಾಂ ಅಲಿ ಖಾನ್, ಅಲಿ ರಜಾ ಖಾನ್ ಇವರೂ ವಕೀಲರೇ. ಒಡೆಯನು ಕೊಟ್ಟ ಅಧಿಕಾರಪತ್ರವಿಲ್ಲದೆ ಇಂಥವರ ಮಾತಿಗೆ ಬೆಲೆಯಿಲ್ಲ. ಪತ್ರವಿದ್ದಾಗ ಅವರು ಒಪ್ಪಿದ್ದು ಒಡೆಯನೇ ಒಪ್ಪಿದಂತೆ. ಇಂದು ಮುನ್ಸೀಫ್ ನ್ಯಾಯಾಲಯದಲ್ಲಿ ಸಲ್ಲಿಸುವ ವಕಾಲತ್ತುನಾಮೆಯ ತತ್ತ್ವವೂ ಇದೇ. ರಾಯಭಾರಿಯ ಪದವನ್ನು ಹಳ್ಳಿಯ ರೈತನು ತನ್ನ ಪರವಾಗಿ ಬಳಸುವಂತಾದದ್ದು ಸಣ್ಣ ಬದಲಾವಣೆಯೇನೂ ಅಲ್ಲವೆಂದು ನಮ್ಮ ಅಭಿಪ್ರಾಯ.

ಪ್ರಾಚೀನ ಭಾರತದಲ್ಲಿ ವಕೀಲರಿದ್ದರೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ಧರ್ಮಶಾಸ್ತ್ರದ ಇತಿಹಾಸವನ್ನು ಬರೆದ ಪಾಂಡುರಂಗ ವಾಮನ ಕಾಣೆಯವರು ಸ್ವತಃ ಮುಂಬಯಿಯಲ್ಲಿ ವಕೀಲರಾಗಿದ್ದವರು. ಆದಕಾರಣ ಅವರು ಈ ಪ್ರಶ್ನೆಯನ್ನು ಕುತೂಹಲದಿಂದ ಎತ್ತಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಸ್ಮೃತಿಗಳಿಂದ ತಿಳಿದುಬರುವುದು ಇಷ್ಟು: ವಾದಿಯಾಗಲಿ ಪ್ರತಿವಾದಿಯಾಗಲಿ ತನ್ನ ಬದಲು ಒಬ್ಬನನ್ನು ನಿಯೋಜಿಸಬಹುದು, ಆ ನಿಯುಕ್ತನ ಜಯಾಪಜಯಗಳು ನಿಯೋಜಿಸಿದವನಿಗೇ ಸೇರುತ್ತವೆ. ತಂದೆಯೂ ಅಲ್ಲದ, ಮಗನೂ ಅಲ್ಲದ, ಸೋದರನೂ ಅಲ್ಲದ, ನಿಯೋಜಿತನೂ ಅಲ್ಲದ ಮೂರನೆಯವನು ಬಂದು ಪರರ ವ್ಯವಹಾರದಲ್ಲಿ ಬಾಯಿ ಹಾಕಿದರೆ ಅವನು ದಂಡ್ಯನೆಂದು ನಾರದನು ಹೇಳುತ್ತಾನೆ. ಈ ನಿಯುಕ್ತನು ವಕೀಲನಲ್ಲ. ವೃತ್ತಿಯಿಂದ ನ್ಯಾಯಶಾಸ್ತ್ರವನ್ನು ಬಲ್ಲವನೂ ಆಗಬೇಕಿಲ್ಲ. ಅವನನ್ನು ಇಂದಿನ ಮುಖ್ತಾರನಿಗೆ ಹೋಲಿಸಬಹುದೇ ಹೊರತು ಅಡ್ವೊಕೇಟರಿಗಲ್ಲ. ಪ್ರತಿನಿಧಿಗೆ ಸೊತ್ತಿನ ಮೌಲ್ಯದ ಇಷ್ಟನೆಯ ಭಾಗವೆಂದು ಸಂಭಾವನೆಯನ್ನು ಗೊತ್ತುಮಾಡುವ ಶುಕ್ರನೀತಿಯ ಮಾತುಗಳನ್ನು ಕೆಲವರು ದೊಡ್ಡ ಆಧಾರವಾಗಿ ಹಿಡಿಯುತ್ತಾರೆ. ಆ ಗ್ರಂಥದ ಪ್ರಾಚೀನತೆಯೇ ಸಂದೇಹಾಸ್ಪದವಾಗಿರುವುದರಿಂದ ನಾವು ಅದರ ಮೇಲೆ ಭಾರ ಹಾಕಲಾರೆವು.

ನಮ್ಮ ದೃಷ್ಟಿಗೆ ಹೆಚ್ಚು ಮುಖ್ಯವಾದದ್ದು ಕಾತ್ಯಾಯನನ ಒಂದು ನಿಯಮ. ಕೊಲೆ, ಕಳವು, ಪರಸ್ತ್ರೀಗಮನ ಮೊದಲಾದ ಘೋರ ಆರೋಪಗಳಲ್ಲಿ ಪ್ರತಿನಿಧಿಗೆ ಅವಕಾಶವಿಲ್ಲ. ಮಾಡಿದನೆಂದು ಹೇಳಲಾದವನೇ ಬಂದು ಉತ್ತರ ಕೊಡಬೇಕು. ಎಂದರೆ ಸಾಲದ ವ್ಯವಹಾರದಲ್ಲಿ ಬೇರೊಬ್ಬನ ನಾಲಗೆಯನ್ನು ಎರವಲು ಪಡೆಯಬಹುದು, ತಲೆ ಹೋಗುವ ವ್ಯವಹಾರದಲ್ಲಿ ಕೂಡದು. ಇಂದಿನ ನಮ್ಮ ಭಾವನೆಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ಸತ್ಯವು ಆರೋಪಿಯ ಒಡಲಿನಲ್ಲಿಯೇ ಇದೆ, ಅದನ್ನು ಆತನ ಮುಖಚರ್ಯೆಯಿಂದಲೋ ದಿವ್ಯದಿಂದಲೋ ಹೊರತೆಗೆಯಬೇಕು ಎಂದು ನಂಬಿದ ಕಾಲಕ್ಕೆ ಈ ನಿಯಮ ಸಹಜವಾದದ್ದೇ. ಕರ್ಣಾಟಕದ ಶಾಸನಗಳಲ್ಲಿ ಇದಕ್ಕೆ ಪೋಷಕವಾದ ಸಾಮಗ್ರಿ ದೊರೆಯುತ್ತದೆ. ಹನ್ನೆರಡನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ, ಗೋವೆಯ ಕದಂಬರ ಕಾಲದ ಕಿತ್ತೂರಿನ ಶಾಸನವೊಂದರಲ್ಲಿ ಶಿವಶಕ್ತಿ, ಕಲ್ಯಾಣಶಕ್ತಿ ಎಂಬ ಇಬ್ಬರು ಆಚಾರ್ಯರ ನಡುವೆ ಒಂದು ಹೊಲಕ್ಕಾಗಿ ನಡೆದ ವ್ಯಾಜ್ಯದ ಸಂಗತಿ ಬಂದಿದೆ. ಅದು ಫಾಲದಿವ್ಯದಿಂದ ತೀರ್ಮಾನವಾಯಿತು. ವ್ಯಾಜ್ಯ ಭೂಮಿಯದೇ ಆದರೂ, ಗುಳವನ್ನು ಹಿಡಿಯಬೇಕಾದದ್ದು ಕಕ್ಷಿಗಾರನ ಕೈಯೇ; ಅಲ್ಲಿ ನಿಯುಕ್ತನ ಕೈ ಸಲ್ಲದು. ಅದಕ್ಕೆ ಸುಮಾರು ನೂರು ವರ್ಷ ಹಿಂದೆ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳ ವ್ಯವಹಾರವನ್ನು ಅತಿ ಸೂಕ್ಷ್ಮವಾಗಿ ವಿವರಿಸಿದ್ದನೆಂಬುದನ್ನು ನೆನೆದರೆ, ಶಾಸ್ತ್ರವು ಅಷ್ಟು ಬೆಳೆದ ನಾಡಿನಲ್ಲಿಯೂ ಅದನ್ನು ಮಾರಿ ಬದುಕುವ ವೃತ್ತಿಯೊಂದು ಹುಟ್ಟದಿದ್ದುದು ವಿಚಾರಾರ್ಹವಾಗಿದೆ.

ವೃತ್ತಿಯ ವಕೀಲನು ಹುಟ್ಟಿದ್ದು ಈಸ್ಟ್ ಇಂಡಿಯಾ ಕಂಪೆನಿಯ ದಿವಾನಿ ಅದಾಲತುಗಳಲ್ಲಿ. ಕಾರ್ನ್‌ವಾಲಿಸನ ಕಾಲದ ಬಂಗಾಳದ 1793ರ ಏಳನೆಯ ರೆಗ್ಯುಲೇಷನ್ನು ಈ ಚರಿತ್ರೆಯ ನಿಜವಾದ ಆರಂಭ. ಅದುವರೆಗೆ ಕಕ್ಷಿಗಾರರು ತಮ್ಮ ಆಳನ್ನೋ ನೆಂಟನನ್ನೋ ಕಳುಹಿಸುತ್ತಿದ್ದರು. ಅವರಿಗೆ ರೆಗ್ಯುಲೇಷನ್ನುಗಳ ಗಂಧವಿರುತ್ತಿರಲಿಲ್ಲ. ಹೊಸ ನಿಯಮದ ಪ್ರಕಾರ ಸದರ್ ದಿವಾನಿ ಅದಾಲತು ವಕೀಲರನ್ನು ದಾಖಲು ಮಾಡಿಕೊಂಡು ಸನದು ಕೊಡಬೇಕು. ಹಿಂದೂಗಳು, ಮುಸಲ್ಮಾನರು ಮಾತ್ರ ಅರ್ಹರು. ಬನಾರಸಿನ ಸಂಸ್ಕೃತ ಪಾಠಶಾಲೆ, ಕಲ್ಕತ್ತೆಯ ಮದರಸಾ ಇವುಗಳಲ್ಲಿ ಕಲಿತವರಿಗೆ ಆದ್ಯತೆ. ಕಕ್ಷಿಗಾರನು ಅಲ್ಪ ಮುಂಗಡವನ್ನು ಕೊಟ್ಟು ವಕಾಲತ್ತು ಬರೆದುಕೊಡುವನು. ಉಳಿದ ಶುಲ್ಕವು ದಾವೆಯ ಮೊತ್ತಕ್ಕೆ ತಕ್ಕಂತೆ ಸರ್ಕಾರವೇ ಗೊತ್ತುಮಾಡಿದ ಪ್ರಮಾಣದಲ್ಲಿರುವುದು. ಅದಕ್ಕಿಂತ ಹೆಚ್ಚು ಕಸಿದುಕೊಂಡ ವಕೀಲನು ಸನದನ್ನು ಕಳೆದುಕೊಳ್ಳುವನು. ಮದರಾಸಿನಲ್ಲಿ 1802ರಲ್ಲಿ ಇದೇ ಮಾದರಿ ಬಂದಿತು. 1799ರಿಂದ ಆ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗೆ ಹೀಗೆ ವಕೀಲನ ಪರಿಚಯವಾಯಿತು. ಮುಂಬಯಿಯಲ್ಲಿ 1827ರ ಎಲ್ಫಿನ್‌ಸ್ಟನ್ ಸಂಹಿತೆ ವಕೀಲರ ವಿಷಯವನ್ನು ವ್ಯವಸ್ಥೆಗೊಳಿಸಿತು. 1846ರ ಮೊದಲನೆಯ ಕಾಯಿದೆಯು ಜಾತಿಮತಗಳ ನಿರ್ಬಂಧವನ್ನು ತೆಗೆದುಹಾಕಿದ್ದಲ್ಲದೆ, ಶುಲ್ಕವನ್ನು ವಕೀಲನೂ ಕಕ್ಷಿಗಾರನೂ ತಮ್ಮೊಳಗೇ ಮಾತನಾಡಿಕೊಳ್ಳಬಹುದೆಂದು ಅನುಮತಿಯಿತ್ತಿತು.

ಈ ಕೊನೆಯ ಅನುಮತಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ವೃತ್ತಿಯ ಸ್ವಾತಂತ್ರ್ಯದ ಇತಿಹಾಸದಲ್ಲಿ ಇದನ್ನು ಮುಂದಡಿಯೆಂದೇ ಎಣಿಸುವುದು ವಾಡಿಕೆ. ಕಕ್ಷಿಗಾರನ ದೃಷ್ಟಿಯಿಂದ ನೋಡಿದರೆ ಅಂದಿನಿಂದ ಬೆಲೆ ಗೊತ್ತಿಲ್ಲದ ಅಂಗಡಿಗೆ ಅವನು ಕಾಲಿಟ್ಟಂತಾಯಿತು. ಇದರ ಅಪಾಯ ಸರ್ಕಾರಕ್ಕೂ ತಿಳಿದಿದ್ದಂತೆ ತೋರುತ್ತದೆ. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯಿದೆಯಲ್ಲಿ ಶುಲ್ಕದ ಒಪ್ಪಂದವು ಲಿಖಿತವಾಗಿರಬೇಕು, ಕಕ್ಷಿಗಾರನ ರುಜುವಿರಬೇಕು, ಹದಿನೈದು ದಿನಗಳೊಳಗೆ ಅದನ್ನು ನ್ಯಾಯಾಸ್ಥಾನದಲ್ಲಿ ದಾಖಲು ಮಾಡಬೇಕು, ಇಲ್ಲದಿದ್ದರೆ ಅದು ಊರ್ಜಿತವಲ್ಲ ಎಂದು ವಿಧಿಸಲಾಯಿತು. ನಮ್ಮ ದೃಷ್ಟಿಯಲ್ಲಿ ಕಕ್ಷಿಗಾರನ ರಕ್ಷಣೆಗಾಗಿ ಈ ದೇಶದಲ್ಲಿ ಮಾಡಿದ ಅತ್ಯಂತ ನೇರವಾದ ನಿಯಮ ಅದು. 1926ರ ಶುಲ್ಕ ಕಾಯಿದೆಯಿಂದ ಅದು ಹೋಯಿತು. ಅದರ ಬದಲು ಬಂದದ್ದು ಬೇರೊಂದು ನ್ಯಾಯ: ವಕೀಲನು ತನ್ನ ಶುಲ್ಕಕ್ಕಾಗಿ ದಾವೆ ಹೂಡಬಹುದು, ಅಲಕ್ಷ್ಯ ಮಾಡಿದ ವಕೀಲನ ಮೇಲೆ ಕಕ್ಷಿಗಾರನೂ ದಾವೆ ಹೂಡಬಹುದು. ಕಾಗದದ ಮೇಲೆ ಸಮಾನತೆ ಬಂದಿತು. ಒಬ್ಬ ವಕೀಲನ ಮೇಲೆ ದಾವೆ ಹೂಡಲು ಇನ್ನೊಬ್ಬ ವಕೀಲನನ್ನು ಅದೇ ಊರಿನಲ್ಲಿ ಹುಡುಕಬೇಕೆಂಬುದನ್ನು ಕಾಯಿದೆ ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ. ಶುಲ್ಕ ಬಾಕಿಯಿದೆಯೆಂದು ಮೊಕದ್ದಮೆಯ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗೆ ಇಲ್ಲವೆಂಬುದು ಸರ್ವೋಚ್ಚ ನ್ಯಾಯಾಲಯದಿಂದ ಇತ್ಯರ್ಥವಾದದ್ದು 2000ರಲ್ಲಿ.

ಕನ್ನಡನಾಡು ಅನೇಕ ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ವಕೀಲನೆಂದರೆ ಒಂದೊಂದು ಕಡೆ ಒಂದೊಂದು ಬಗೆ. ಮೈಸೂರಿನಲ್ಲಿ 1884ರಲ್ಲಿ ಚೀಫ್ ಕೋರ್ಟು ಸ್ಥಾಪಿತವಾಗಿ 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಮಂಗಳೂರಿನವರಿಗೆ ಮದರಾಸು ಹೈಕೋರ್ಟು, ಧಾರವಾಡ, ಬೆಳಗಾವಿಯವರಿಗೆ ಮುಂಬಯಿ, ಕಲಬುರ್ಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದು. 1956ರ ನವೆಂಬರಿನಲ್ಲಿ ಇವೆಲ್ಲ ಒಂದೇ ಉಚ್ಚ ನ್ಯಾಯಾಲಯದ ಅಧೀನಕ್ಕೆ ಬಂದವು. ನಿಜಾಮರ ಕಾಲದಲ್ಲಿ ನ್ಯಾಯಾಸ್ಥಾನದ ಭಾಷೆ ಉರ್ದು. ಮೈಸೂರಿನಲ್ಲಿ ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡವೂ ಮೇಲೆ ಇಂಗ್ಲಿಷೂ. ಆಗ ಊರಿನ ವಕೀಲನು ಮಾಡುತ್ತಿದ್ದ ಮುಖ್ಯ ಕೆಲಸ ವಾದವಲ್ಲ, ಭಾಷಾಂತರ. ಒಕ್ಕಲಿಗನ ಮಾತನ್ನು ಕಾಯಿದೆಯ ಮಾತಾಗಿ, ಕಾಯಿದೆಯ ಮಾತನ್ನು ಒಕ್ಕಲಿಗನ ಮಾತಾಗಿ ತಿರುಗಿಸುವುದೇ ಅವನ ಬೆಲೆ. ಅವನ ಕೆಳಗೆ ಗುಮಾಸ್ತೆ, ಅದರ ಹೊರಗೆ ಅರ್ಜಿ ಬರೆಯುವವನು, ಪತ್ರದ ಕೊನೆಗೆ ‘ಬಿಕಲಂ’ ಎಂದು ತನ್ನ ಹೆಸರು ಹಾಕುವ ಬರಹಗಾರ: ಇವರೆಲ್ಲರ ಕೈದಾಟಿಯೇ ಸಂಗತಿಯು ನ್ಯಾಯಾಧೀಶನಿಗೆ ಮುಟ್ಟುತ್ತಿತ್ತು. ಪರಸ್ಥಳದ ಬ್ಯಾರಿಸ್ಟರನು ಎಷ್ಟೇ ಪ್ರಚಂಡನಾದರೂ ಈ ಸರಪಣಿಯಿಲ್ಲದೆ ತಾಲ್ಲೂಕಿನಲ್ಲಿ ಕೈಕಟ್ಟಿದವನೇ. ಇಂಥ ಊರಿನ ವಕೀಲರ ಪೈಕಿ ಮಂಗಳೂರಿನ ಕುದ್ಮುಲ್ ರಂಗರಾಯರಂಥವರು (1859–1928) ವೃತ್ತಿಯನ್ನು ಮೀರಿ ಹೋದದ್ದು ಪ್ರಸಿದ್ಧವಾಗಿಯೇ ಇದೆ; ದಲಿತರ ಉದ್ಧಾರಕ್ಕೆಂದು 1897ರಲ್ಲಿ ಅವರು ಕಟ್ಟಿದ ಸಂಸ್ಥೆಯನ್ನು ಇಲ್ಲಿ ವಿವರಿಸುವುದು ಅನವಶ್ಯಕ. ಆದರೆ ನ್ಯಾಯಾಸ್ಥಾನದ ಒಳಗೆ ದಿನನಿತ್ಯ ನಿಂತವನಿಗೆ ಮಾತ್ರ ಕಾಣುವ ಅನ್ಯಾಯಗಳುಂಟೆಂಬುದಕ್ಕೆ ಅವರ ಜೀವನ ಒಂದು ನಿದರ್ಶನ.

1961ರ ಅಡ್ವೊಕೇಟ್ಸ್ ಕಾಯಿದೆಯು ವಕೀಲ, ಪ್ಲೀಡರು, ಮುಖ್ತಾರ ಎಂಬ ಭೇದಗಳನ್ನು ಕಾಲಕ್ರಮದಲ್ಲಿ ಅಳಿಸಿ ಅಡ್ವೊಕೇಟರೆಂಬ ಒಂದೇ ವರ್ಗವನ್ನು ಮಾಡಿತು. ದೇಶದ ಯಾವ ನ್ಯಾಯಾಲಯದಲ್ಲಿಯಾದರೂ ವೃತ್ತಿ ನಡೆಸುವ ಹಕ್ಕನ್ನು ಕೊಡುವ ಅದರ 30ನೆಯ ಪ್ರಕರಣವು ಜಾರಿಗೆ ಬಂದದ್ದು ಮಾತ್ರ 2011ರ ಜೂನ್ 15ರಂದು. ಐವತ್ತು ವರ್ಷ ಒಂದು ಹಕ್ಕು ಪುಸ್ತಕದಲ್ಲಿಯೇ ಮಲಗಿದ್ದಿತು. ಜನರ ಬಾಯಲ್ಲಿ ಇಂದಿಗೂ ಆತನು ವಕೀಲನೇ, ಇಲ್ಲವೆ ಲಾಯರು.

ಇನ್ನು ಮೊದಲು ಹೇಳಿದ ಮೂರು ಸಂದರ್ಭಗಳಿಗೆ ಬರೋಣ. ಅಪರಾಧದ ವಿಷಯದಲ್ಲಿ ಕಾತ್ಯಾಯನನ ನಿಯಮವು ಪೂರ್ಣವಾಗಿ ತಿರುಗಿಬಿತ್ತು. 1793ರ ರೆಗ್ಯುಲೇಷನ್ನಿಗೆ ದಿವಾನಿ ನ್ಯಾಯಾಲಯಗಳ ಹೊರತು ಬೇರೆ ಚಿಂತೆಯಿರಲಿಲ್ಲ. ಅಪರಾಧಿಯೆಂದು ಹಿಡಿಯಲ್ಪಟ್ಟವನಿಗೆ ವಕೀಲನ ಮೂಲಕ ರಕ್ಷಿಸಿಕೊಳ್ಳುವ ಹಕ್ಕು ಉಂಟೆಂಬುದು 1898ರ ದಂಡ ಪ್ರಕ್ರಿಯಾ ಸಂಹಿತೆಯ 340ನೆಯ ಪ್ರಕರಣದಲ್ಲಿ ಖಚಿತವಾದ ರೂಪದಲ್ಲಿತ್ತು. 1950ರಲ್ಲಿ ಸಂವಿಧಾನದ 22ನೆಯ ಅನುಚ್ಛೇದವು, ಬಂಧಿತನಾದವನು ತಾನು ಆರಿಸಿಕೊಂಡ ವಕೀಲನನ್ನು ಕಂಡು ಮಾತನಾಡುವುದಕ್ಕೂ ಅವನಿಂದ ರಕ್ಷಿಸಲ್ಪಡುವುದಕ್ಕೂ ಹಕ್ಕುಳ್ಳವನೆಂದು ಸಾರಿತು. ‘ತಾನು ಆರಿಸಿಕೊಂಡ’ ಎಂಬ ಮಾತನ್ನು ವಾಚಕರು ಗಮನಿಸಬೇಕು.

ಆದರೆ ಆರಿಸಿಕೊಳ್ಳಲು ಹಣವಿಲ್ಲದವನ ಗತಿಯೇನು? ಈ ಪ್ರಶ್ನೆಗೆ ಮೊದಲು ದೊರೆತ ಉತ್ತರ ನಿಷ್ಠುರವಾದದ್ದು. ತೆಲಂಗಾಣದ ಸಶಸ್ತ್ರ ಹೋರಾಟದ ಕಾಲದಲ್ಲಿ ಹೈದರಾಬಾದಿನ ವಿಶೇಷ ನ್ಯಾಯಮಂಡಲಿಗಳಿಂದ ಮರಣದಂಡನೆಗೆ ಗುರಿಯಾದವರು ತಮಗೆ ವಕೀಲರ ನೆರವು ದೊರೆಯಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1951ರ ಜನಾರ್ದನ ರೆಡ್ಡಿ ಮೊಕದ್ದಮೆಯೆಂದು ಅದು ಹೆಸರಾಗಿದೆ. 340ನೆಯ ಪ್ರಕರಣವು ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು ಕೊಡುತ್ತದೆಯೇ ಹೊರತು, ವಕೀಲನನ್ನು ಒದಗಿಸುವ ಹೊಣೆಯನ್ನು ನ್ಯಾಯಾಲಯದ ಮೇಲೆ ಹೊರಿಸುವುದಿಲ್ಲ, ವಕೀಲನಿಲ್ಲದ ಮಾತ್ರಕ್ಕೆ ವಿಚಾರಣೆ ರದ್ದಾಗದು ಎಂಬುದು ಅಲ್ಲಿಯ ತೀರ್ಮಾನದ ಸಾರ. ಕಾಯಿದೆಯ ಅಕ್ಷರಕ್ಕೆ ಇದು ಸರಿಯಿರಬಹುದು. ತಲೆದಂಡಕ್ಕೆ ಗುರಿಯಾದ ಬಡವನಿಗೆ ಕಾತ್ಯಾಯನನ ಕಾಲಕ್ಕೂ 1951ಕ್ಕೂ ಏನು ವ್ಯತ್ಯಾಸವಾಯಿತೆಂದು ಕೇಳಿದರೆ ನಮಗೆ ಉತ್ತರ ತೋಚದು.

ಉತ್ತರವು ನಿಧಾನವಾಗಿ ಬಂದಿತು. 1973ರ ಸಂಹಿತೆಯ 304ನೆಯ ಪ್ರಕರಣವು ಸೆಷನ್ಸ್ ವಿಚಾರಣೆಗಳಲ್ಲಿ ನಿರ್ಗತಿಕ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಕೊಡಬೇಕೆಂದಿತು. 1976ರಲ್ಲಿ ಸಂವಿಧಾನಕ್ಕೆ 39ಎ ಅನುಚ್ಛೇದ ಸೇರಿತು. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಪರವಾದ 1979ರ ಹುಸೈನಾರಾ ಖಾತೂನ್ ಮೊಕದ್ದಮೆ, 1986ರ ಸುಖ್ ದಾಸ್ ಮೊಕದ್ದಮೆ ಇವುಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಉಚಿತ ನೆರವನ್ನು ಜೀವಿಸುವ ಹಕ್ಕಿನ ಭಾಗವೆಂದೇ ಹೇಳಿತು. ಆರೋಪಿ ಕೇಳಲಿಲ್ಲವೆಂಬ ನೆಪವೂ ಸಲ್ಲದೆಂದಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಿಂದ ಜಾರಿಗೆ ಬಂದು, ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಬಂಧನದಲ್ಲಿರುವವರಿಗೂ ಆದಾಯವನ್ನು ಕೇಳದೆ ನೆರವು ಕೊಡುವ ವ್ಯವಸ್ಥೆಯನ್ನು ತಾಲ್ಲೂಕಿನವರೆಗೆ ಇಳಿಸಿತು. 2022ರಿಂದ ಆರೋಪಿಗಳ ರಕ್ಷಣೆಯನ್ನೇ ಪೂರ್ಣಕಾಲದ ಉದ್ಯೋಗವಾಗಿ ಮಾಡುವ ವಕೀಲರನ್ನು ಜಿಲ್ಲೆಗಳಲ್ಲಿ ನೇಮಿಸುವ ಕ್ರಮ ಬಂದಿದೆ. ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ಹೇಳಬಹುದು. 1973ರ ಸಂಹಿತೆಯಲ್ಲಿ 303 ಎಂಬ ಅಂಕೆಯನ್ನು ಪಡೆದಿದ್ದ ರಕ್ಷಣೆಯ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮತ್ತೆ 340ನೆಯ ಪ್ರಕರಣವೇ ಆಗಿದೆ. ಇದು ಆಕಸ್ಮಿಕ, ಮುದುಕ ಗುಮಾಸ್ತೆಗಳಿಗೆ ಮಾತ್ರ ಸಂತೋಷ ಕೊಡುವಂಥದು.

ವಾಹನಗಳ ವಿಚಾರವು ಇಷ್ಟು ಗಂಭೀರವಲ್ಲವೆಂದು ತೋರಬಹುದು. ಆದರೆ ಎಂದೂ ನ್ಯಾಯಾಲಯವನ್ನು ಕಾಣದ ಸಭ್ಯ ಗೃಹಸ್ಥನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ದು ಮೋಟಾರು ಗಾಡಿಯೇ. 1914ರ ಕಾಯಿದೆಯ ತರುವಾಯ ಬಂದ 1939ರ ಮೋಟಾರು ವಾಹನಗಳ ಕಾಯಿದೆಯು ಈ ಗೃಹಸ್ಥನ ಬಗ್ಗೆ ಸ್ವಲ್ಪ ದಾಕ್ಷಿಣ್ಯವನ್ನು ತೋರಿತು: ಸಣ್ಣ ತಪ್ಪುಗಳಲ್ಲಿ ಅವನು ತಾನೇ ಬರದೆ ವಕೀಲನನ್ನು ಕಳುಹಿಸಬಹುದು, ಅಥವಾ ತಪ್ಪೊಪ್ಪಿಕೊಂಡು ರಿಜಿಸ್ಟರ್ ಪತ್ರ ಬರೆದು ದಂಡವನ್ನು ಅಂಚೆಯಲ್ಲಿ ಕಟ್ಟಬಹುದು. 1988ರ ಕಾಯಿದೆಯ 208ನೆಯ ಪ್ರಕರಣದಲ್ಲಿ ಈ ಸೌಕರ್ಯ ಮುಂದುವರಿದಿದೆ. ವಕೀಲನನ್ನು ಗೊತ್ತುಮಾಡದೆಯೇ ಮುಗಿಸಬಹುದಾದ ಮೊಕದ್ದಮೆಯನ್ನು ಸರ್ಕಾರವೇ ಸೃಷ್ಟಿಸಿದ್ದು ಇಲ್ಲಿ. ಆದರೆ ಸುಲಭವಾಗಿ ಒಪ್ಪಿಕೊಂಡ ತಪ್ಪು ಮುಂದೆ ಲೈಸೆನ್ಸಿನ ಮೇಲೆ ಕುಳಿತುಕೊಳ್ಳಬಹುದೆಂಬುದನ್ನು ಅಂಚೆಯವನು ಹೇಳುವುದಿಲ್ಲ. ಅದನ್ನು ಹೇಳಬೇಕಾದವನು ವಕೀಲನೇ. 2019ರ ಸೆಪ್ಟೆಂಬರಿನಿಂದ ಕುಡಿದು ಓಡಿಸಿದವನಿಗೆ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಇರುವುದರಿಂದ ಈ ಸಲಹೆಯ ಬೆಲೆ ಹೆಚ್ಚಿದೆ.

ಇದಕ್ಕಿಂತ ದೊಡ್ಡದು ಅಪಘಾತದ ಪರಿಹಾರ. ಮೂರನೆಯವರ ವಿಮೆ ಕಡ್ಡಾಯವಾದದ್ದು 1946ರ ಜುಲೈಯಿಂದ. ಆದರೂ ಸತ್ತವನ ಹೆಂಡತಿ ಪರಿಹಾರಕ್ಕಾಗಿ ಕೋರ್ಟು ಶುಲ್ಕ ಕಟ್ಟಿ ಸಿವಿಲ್ ದಾವೆ ಹೂಡಬೇಕಾಗಿತ್ತು. 1956ರ ತಿದ್ದುಪಡಿಯಿಂದ ಕ್ಲೇಮು ನ್ಯಾಯಮಂಡಲಿಗಳಿಗೆ ಅವಕಾಶವಾಯಿತು. 1994ರ ತಿದ್ದುಪಡಿಯವರೆಗೆ ಅಪಘಾತವಾದ ಸ್ಥಳದಲ್ಲಿಯೇ ಅರ್ಜಿ ಹಾಕಬೇಕಿದ್ದವರು, ಅನಂತರ ತಾವು ವಾಸಿಸುವ ಸ್ಥಳದಲ್ಲಿಯೇ ಹಾಕುವಂತಾಯಿತು. ದಾವಣಗೆರೆಯ ಲಾರಿ ಚಾಲಕನು ಪರಪ್ರಾಂತದ ಹೆದ್ದಾರಿಯಲ್ಲಿ ಸತ್ತರೆ ಅವನ ಹೆಂಡತಿಗೆ ದಾವಣಗೆರೆಯ ವಕೀಲನೇ ಸಾಕು. ಊರಿನ ವಕೀಲನನ್ನು ಕಾಯಿದೆಯೇ ಕಕ್ಷಿಗಾರನ ಬಳಿಗೆ ತಂದ ಒಳ್ಳೆಯ ಉದಾಹರಣೆಯಿದು. ಆದರೆ ಹಣವಿದ್ದಲ್ಲಿ ಹದ್ದುಗಳೂ ಸುಳಿಯುತ್ತವೆ. ಬಂದ ಪರಿಹಾರದಲ್ಲಿ ಇಷ್ಟು ಪಾಲೆಂದು ಮಾತನಾಡಿಕೊಳ್ಳುವುದು ವೃತ್ತಿನಿಯಮಗಳಿಗೆ ವಿರುದ್ಧ. ಫಲವನ್ನು ಅವಲಂಬಿಸಿದ ಶುಲ್ಕವನ್ನು ಭಾರತೀಯ ವಕೀಲರ ಪರಿಷತ್ತು ನಿಷೇಧಿಸಿದೆ. ಅನಕ್ಷರಸ್ಥ ವಿಧವೆಯರ, ಅಪ್ರಾಪ್ತರ ಪರಿಹಾರವನ್ನು ಬ್ಯಾಂಕಿನಲ್ಲಿ ದೀರ್ಘಾವಧಿ ಠೇವಣಿಯಾಗಿ ಇಡಿಸಬೇಕೆಂದು 1994ರ ಸೂಸಮ್ಮ ಥಾಮಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸೂಚಿಸಬೇಕಾಗಿ ಬಂದುದು, ಆ ಹಣ ಕೈಗೆ ಬಂದೊಡನೆ ಕರಗಿಹೋಗುವ ಭಯವಿತ್ತೆಂಬುದನ್ನೇ ತೋರಿಸುತ್ತದೆ.

ಇಂಥ ಕಕ್ಷಿಗಾರರನ್ನು ಆಸ್ಪತ್ರೆಯ ಬಾಗಿಲಿನಿಂದಲೋ ಬಸ್ ನಿಲ್ದಾಣದಿಂದಲೋ ಹಿಡಿದು ತಂದು ಒಪ್ಪಿಸುವ ದಲ್ಲಾಳಿ ಹೊಸಬನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅವನ ಉಪಟಳ ಎಷ್ಟಿತ್ತೆಂದರೆ, 1879ರ ಕಾಯಿದೆಯ 36ನೆಯ ಪ್ರಕರಣದ ಮೂಲಕ ದಲ್ಲಾಳಿಗಳ ಪಟ್ಟಿಯನ್ನು ಮಾಡಿ ನ್ಯಾಯಾಸ್ಥಾನದಲ್ಲಿ ತೂಗುಹಾಕುವ ಕ್ರಮ ಬಂದಿತು. ವಕೀಲನು ಜಾಹೀರಾತು ಕೊಡಬಾರದೆಂಬ ನಿಯಮವೂ ಉಂಟು. 2008ರಲ್ಲಿ ಅದನ್ನು ತುಸು ಸಡಿಲಿಸಿ ಅಂತರ್ಜಾಲದಲ್ಲಿ ಹೆಸರು, ವಿಳಾಸ, ಅರ್ಹತೆಗಳನ್ನು ಮಾತ್ರ ಹಾಕಲು ಬಿಟ್ಟಿದ್ದಾರೆ. ಈ ಎರಡು ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ವೃತ್ತಿಯ ಘನತೆ ಕಾಪಾಡುವುದಕ್ಕಾಗಿ ವಕೀಲನ ಬಾಯಿಯನ್ನು ಕಟ್ಟಿದ್ದರಿಂದ, ಅಪರಿಚಿತ ಊರಿನಲ್ಲಿ ಬಿದ್ದ ಕಕ್ಷಿಗಾರನಿಗೆ ಬಾಯಿಮಾತಿನ ಶಿಫಾರಸಿನ ಹೊರತು ದಾರಿಯಿಲ್ಲ. ಆ ಬಾಯಿಯನ್ನು ಬಾಡಿಗೆಗೆ ಕೊಡುವವನೇ ದಲ್ಲಾಳಿ. ಒಂದು ನಿಯಮವು ಹುಟ್ಟಿಸುವವನನ್ನು ಇನ್ನೊಂದು ನಿಯಮವು ಪಟ್ಟಿಮಾಡುತ್ತದೆ. 2023ರ ತಿದ್ದುಪಡಿ ಕಾಯಿದೆಯಿಂದ 1879ರ ಹಳೆಯ ಕಾಯಿದೆ ರದ್ದಾದರೂ ದಲ್ಲಾಳಿಗಳ ಪಟ್ಟಿ ಮಾತ್ರ 45ಎ ಎಂಬ ಹೊಸ ಪ್ರಕರಣವಾಗಿ 1961ರ ಕಾಯಿದೆಯೊಳಕ್ಕೆ ಬಂದು, 2024ರ ಸೆಪ್ಟೆಂಬರ್ 30ರಿಂದ ಜಾರಿಯಲ್ಲಿದೆ. ದಂಡ ಐನೂರು ರೂಪಾಯಿ, ಸೆರೆ ಮೂರು ತಿಂಗಳು.

ಸಂಸಾರದ ವ್ಯಾಜ್ಯಗಳಲ್ಲಿ ಚರಿತ್ರೆಯು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆಯಿತು. ಬಹುಕಾಲದವರೆಗೆ ಸ್ತ್ರೀಯು ಕಕ್ಷಿಗಾರಳಾದರೂ ಅವಳ ಪರವಾಗಿ ವಕೀಲನ ಮನೆಗೆ ಹೋಗುವವರು ಗಂಡಸರು. ಬಂಗಾಳ ಮೊದಲಾದ ಕಡೆಗಳಲ್ಲಿ ಪರದೆಯೊಳಗಿನ ಸ್ತ್ರೀಯರ ಸೊತ್ತಿನ ವಿಷಯದಲ್ಲಿ ಸಲಹೆ ಕೊಡಲು ಸರ್ಕಾರವು 1904ರಲ್ಲಿ ಕಾರ್ನೀಲಿಯಾ ಸೊರಾಬ್ಜಿಯವರನ್ನು ನೇಮಿಸಿತಾದರೂ ವಕೀಲರಾಗಿ ನಿಲ್ಲುವ ಹಕ್ಕು ಅವರಿಗೆ ದೊರೆತಿರಲಿಲ್ಲ. 1916ರಲ್ಲಿ ಕಲ್ಕತ್ತೆಯಲ್ಲಿ ರೆಜಿನಾ ಗುಹಾ, 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಇವರ ಅರ್ಜಿಗಳನ್ನು ಹೈಕೋರ್ಟುಗಳು ತಳ್ಳಿಹಾಕಿದವು. ಅದೇ 1921ರಲ್ಲಿ ಅಲಹಾಬಾದು ಹೈಕೋರ್ಟು ಸೊರಾಬ್ಜಿಯವರನ್ನು ದಾಖಲು ಮಾಡಿಕೊಂಡಿತು. 1923ರ ಕಾಯಿದೆಯಿಂದ ಅಡ್ಡಿ ಪೂರ್ತಿಯಾಗಿ ತೊಲಗಿತು. ಗಂಡನ ಮನೆಯ ಸಂಗತಿಯನ್ನು ಹೆಂಗಸಿಗೆ ಹೇಳಿದಷ್ಟು ಬಿಚ್ಚಿ ಗಂಡಸಿಗೆ ಹೇಳಲಾರದ ಕಕ್ಷಿಗಾರಳಿಗೆ ಈ ಕಾಯಿದೆಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಿಲ್ಲ.

1955ರ ಹಿಂದೂ ವಿವಾಹ ಕಾಯಿದೆಯು ವಿಚ್ಛೇದನಕ್ಕೆ ದಾರಿ ಮಾಡಿದ್ದಲ್ಲದೆ, ತನ್ನ 24ನೆಯ ಪ್ರಕರಣದಲ್ಲಿ, ಕೈಯಲ್ಲಿ ಕಾಸಿಲ್ಲದ ಪಕ್ಷಕ್ಕೆ ದಾವೆಯ ಖರ್ಚನ್ನು ಎದುರುಪಕ್ಷದಿಂದಲೇ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿತ್ತಿತು. ಹೆಂಡತಿಯ ವಕೀಲನ ಶುಲ್ಕವನ್ನು ಗಂಡನೇ ಕೊಡುವ ಈ ವಿಧಾನ ಚಮತ್ಕಾರದ್ದು. ಆದರೆ ಬಡವರ ದಾರಿ ಅದಲ್ಲ. ಅವರದು ಮ್ಯಾಜಿಸ್ಟ್ರೇಟರ ಮುಂದಿನ ಜೀವನಾಂಶದ ಅರ್ಜಿ. 1898ರ ಸಂಹಿತೆಯಲ್ಲಿ 488, 1973ರದರಲ್ಲಿ 125, ಈಗ 144ನೆಯ ಪ್ರಕರಣ. ತಿಂಗಳಿಗೆ ಐನೂರು ರೂಪಾಯಿಗೆ ಮೀರಬಾರದೆಂಬ ಮಿತಿ ಇದ್ದದ್ದು 1955ರಿಂದ 2001ರವರೆಗೆ. ಐನೂರು ರೂಪಾಯಿಗಾಗಿ ಹತ್ತಾರು ವಾಯಿದೆಗಳಿಗೆ ಅಲೆಯುವ ಹೆಂಗಸು ವಕೀಲನಿಗೆ ಏನನ್ನು ಕೊಟ್ಟಾಳು? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಇಂಥವರ ನಡುವೆ ಹುಟ್ಟಿದ್ದಿರಬೇಕು.

ಇದನ್ನು ಕಂಡೇ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯನ್ನು ರಚಿಸಿದವರು ವಕೀಲನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಅದರ 13ನೆಯ ಪ್ರಕರಣದಂತೆ ಯಾವ ಪಕ್ಷಕ್ಕೂ ವಕೀಲನ ಮೂಲಕ ಹಾಜರಾಗುವುದು ಹಕ್ಕಿನ ವಿಷಯವಲ್ಲ. ನ್ಯಾಯಾಲಯವೇ ಅಗತ್ಯವೆಂದು ಕಂಡರೆ ಕಾನೂನು ಬಲ್ಲವನೊಬ್ಬನ ಸಹಾಯವನ್ನು ಪಡೆಯಬಹುದು. ವಾದದ ಕಹಿಯಿಲ್ಲದೆ ಸಮಾಧಾನವಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಗಂಡನು ಓದಿದವನು, ಕಚೇರಿಗಳನ್ನು ಕಂಡವನು, ಹೆಂಡತಿಯು ಮನೆಯಿಂದ ಹೊರಬಿದ್ದವಳೇ ಅಲ್ಲ ಎಂದಿಟ್ಟುಕೊಂಡರೆ, ಇಬ್ಬರ ವಕೀಲರನ್ನೂ ಸಮನಾಗಿ ಹೊರಗಿಟ್ಟದ್ದರಿಂದ ಇಬ್ಬರೂ ಸಮರಾಗುವುದಿಲ್ಲ. ಈ ನಿಯಮವನ್ನು ಹೊಗಳುವವರೊಡನೆ ನಾವು ಸಹಮತರಾಗಲಾರೆವು. ಆಚರಣೆಯಲ್ಲಿ ಅರ್ಜಿ ಕೊಟ್ಟು ಅನುಮತಿ ಪಡೆದು ವಕೀಲರು ಹಾಜರಾಗುತ್ತಲೇ ಇದ್ದಾರೆ. ವ್ಯತ್ಯಾಸವೆಂದರೆ ಹಕ್ಕಾಗಿದ್ದುದು ಅನುಗ್ರಹವಾಯಿತು. ಇದಕ್ಕಿಂತ ಹೆಚ್ಚು ಪ್ರಯೋಜನವಾದದ್ದು 2003ರ ಸಣ್ಣ ತಿದ್ದುಪಡಿಯಿಂದ: ಹೆಂಡತಿಯು ತಾನು ವಾಸಿಸುವ ಊರಿನಲ್ಲಿಯೇ ಅರ್ಜಿ ಹಾಕಬಹುದೆಂದು ಅದು ಹೇಳಿತು. ತವರಿನ ತಾಲ್ಲೂಕಿನ ವಕೀಲ, ತವರಿನ ಮಾತು, ಸಂಜೆಗೆ ಮನೆ ಸೇರುವ ಬಸ್ಸು: ನ್ಯಾಯವೆಂಬುದರಲ್ಲಿ ಇವೂ ಸೇರಿವೆ. ಉಚ್ಚ ನ್ಯಾಯಾಲಯದ ಪೀಠಗಳು 2008ರ ಜುಲೈಯಲ್ಲಿ ಸಂಚಾರಿಯಾಗಿಯೂ 2013ರ ಆಗಸ್ಟಿನಲ್ಲಿ ಕಾಯಮ್ಮಾಗಿಯೂ ಧಾರವಾಡಕ್ಕೆ, ಕಲಬುರ್ಗಿಗೆ ಬಂದದ್ದನ್ನೂ ಹೀಗೆಯೇ ನೋಡಬೇಕು. ಅದಕ್ಕೆ ಮುಂಚೆ ಬೀದರಿನ ಕಕ್ಷಿಗಾರನು ಸುಮಾರು 700 ಕಿಲೋಮೀಟರು ಪಯಣಿಸಿ, ತನ್ನ ಊರನ್ನೇ ನೋಡದ ವಕೀಲನಿಗೆ ತನ್ನ ಊರಿನ ಜಗಳವನ್ನು ವಿವರಿಸಬೇಕಾಗಿತ್ತು.

ಹೀಗೆ ಊರಿನ ವಕೀಲನ ಹತ್ತಿರವಿರುವಿಕೆಯನ್ನು ನಾವು ಇಲ್ಲಿಯವರೆಗೆ ಪ್ರಶಂಸಿಸುತ್ತ ಬಂದಿದ್ದೇವೆ. ಆದರೆ ಹತ್ತಿರವಿರುವವನು ಊರಿಗೂ ಹತ್ತಿರದವನು; ಊರಿನ ಕೋಪ ಅವನನ್ನೂ ತಟ್ಟುತ್ತದೆ. ಊರು ಒಬ್ಬನ ಮೇಲೆ ಮುನಿದಾಗ ಆ ಊರಿನ ವಕೀಲನು ಅವನ ವಕಾಲತ್ತನ್ನು ಹಿಡಿಯಬಲ್ಲನೇ? ವಕೀಲರ ಸಂಘಗಳು ಇಂಥವರ ಪರವಾಗಿ ಯಾರೂ ಹಾಜರಾಗಬಾರದೆಂದು ನಿರ್ಣಯ ಮಾಡುವ ರೂಢಿಯನ್ನು 2010ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಹಮ್ಮದ್ ರಫಿ ಮೊಕದ್ದಮೆಯಲ್ಲಿ ಖಂಡಿಸಿ, ಅಂಥ ನಿರ್ಣಯಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಆದ್ದರಿಂದ ಶೂನ್ಯ ಎಂದು ಸಾರಿತ್ತು. ಆ ಮೊಕದ್ದಮೆಯ ಹಿನ್ನೆಲೆಯಲ್ಲಿ ಇದ್ದದ್ದು ಕೊಯಮತ್ತೂರಿನ ವಕೀಲರು ಪೊಲೀಸರ ಪರವಾಗಿ ನಿಲ್ಲಬಾರದೆಂದು ಮಾಡಿದ ನಿರ್ಣಯ. ಆದರೂ 2020ರ ಜನವರಿಯಲ್ಲಿ ಮೈಸೂರಿನಲ್ಲಿ, ಒಂದು ಭಿತ್ತಿಫಲಕವನ್ನು ಹಿಡಿದುದಕ್ಕಾಗಿ ರಾಜದ್ರೋಹದ ಆರೋಪಕ್ಕೆ ಸಿಕ್ಕಿದ ತರುಣಿಯ ವಿಷಯದಲ್ಲಿ ಅಂಥ ನಿರ್ಣಯವಾಯಿತು. ರಾಜ್ಯದ ಬೇರೆ ಬೇರೆ ಊರುಗಳಿಂದ ವಕೀಲರು ಬಂದು ಅವಳ ವಕಾಲತ್ತಿಗೆ ಸೇರಿದರು. ಮರುತಿಂಗಳು ಹುಬ್ಬಳ್ಳಿಯಲ್ಲಿ ಅದೇ ಆರೋಪಕ್ಕೆ ಗುರಿಯಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರವಾಗಿ ಯಾರೂ ನಿಲ್ಲಬಾರದೆಂದು ಅಲ್ಲಿಯ ಸಂಘವು ನಿರ್ಣಯಿಸಿತು. ಆ ಹುಡುಗರಿಗೆ ಆ ಊರಿನಲ್ಲಿ ನೆಂಟರಿಲ್ಲ, ಭಾಷೆ ಬರುವುದಿಲ್ಲ. ವಕೀಲನ ಅಗತ್ಯ ಯಾರಿಗಾದರೂ ಇದ್ದರೆ ಅವರಿಗೇ. ಬೆಂಗಳೂರಿನ ಕೆಲವು ವಕೀಲರು ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ನ್ಯಾಯಾಲಯವು ಆ ನಿರ್ಣಯವನ್ನು ತೀವ್ರವಾಗಿ ಆಕ್ಷೇಪಿಸಿ, ಜಾಮೀನು ಅರ್ಜಿ ಹಾಕಲು ಹೋಗುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಬೇಕೆಂದು ಆಜ್ಞೆ ಮಾಡಿತು. ಹಾಗೆ ಬೆಂಗಳೂರಿನಿಂದ ಹೊರಟ ವಕೀಲರು, ಘೋಷಣೆಗಳ ನಡುವೆ, ಪೊಲೀಸರ ಕಾವಲಿನಲ್ಲಿ ಧಾರವಾಡದ ನ್ಯಾಯಾಲಯವನ್ನು ಹೊಕ್ಕು ಆ ಮೂವರ ಅರ್ಜಿಯನ್ನು ಸಲ್ಲಿಸಿದರು.